ಹಳೇ ಡೆಸ್ಕ್‌ಟಾಪ್ ಸರ್ವರ್ ಇನ್ನು ಮುಂದೆ ಯಾಕಿಲ್ಲ

ಶಿವಮೊಗ್ಗ

ಆತ್ಮೀಯ ಗ್ರಾಹಕರೇ, ನಮಸ್ಕಾರ.

ಮನೆಯ ಸಿನಿಮಾ, ಹಾಡು, ಫೋಟೊ ಎಲ್ಲವನ್ನೂ ಒಂದೇ ಕಡೆ ಇಟ್ಟು ಟಿವಿಯಲ್ಲಿ ನೋಡೋಕೆ ಅಂತ ಇಷ್ಟು ದಿನ ಸೆಕೆಂಡ್ ಹ್ಯಾಂಡ್ ಆಫೀಸ್ ಡೆಸ್ಕ್‌ಟಾಪ್‌ಗಳನ್ನೇ ಸರ್ವರ್ ಮಾಡಿ ಕೊಡುತ್ತಿದ್ದೆವು. ಬರುವ ತಿಂಗಳ 1ನೇ ತಾರೀಖಿನಿಂದ ಅದು ನಿಲ್ಲುತ್ತದೆ. ಇನ್ನು ಮುಂದೆ ಇಂಟೆಲ್ ಎನ್100 ಪ್ರೊಸೆಸರ್ ಇರುವ ಸಣ್ಣ ಪೆಟ್ಟಿಗೆ, ಒಳಗೆ ಎರಡು ಹಾರ್ಡ್ ಡಿಸ್ಕ್. ಬೆಲೆ ಜಾಸ್ತಿ ಆಗುತ್ತದೆ. ಹಾಗಾಗಿ ಕಾರಣ ಹೇಳಲೇಬೇಕು, ಅಲ್ವಾ?

ಮೊದಲ ಕಾರಣ ನಿಮ್ಮ ಮದುವೆ ವಿಡಿಯೊ. ತಮಾಷೆಗೆ ಹೇಳುತ್ತಿಲ್ಲ. ಮೊದಲೆಲ್ಲ ಸ್ಟುಡಿಯೊದವರು ಕೊಡುತ್ತಿದ್ದ ಎಚ್.264 ಅನ್ನುವ ಹಳೇ ಬಗೆಯ ವಿಡಿಯೊ ಫೈಲನ್ನು ಎಂಥ ಟಿವಿಯೂ ಓಡಿಸುತ್ತಿತ್ತು. ಈಗ ಪೆನ್‌ಡ್ರೈವ್‌ನಲ್ಲಿ 4ಕೆ ಬರುತ್ತದೆ, ಅದೂ ಎಷ್ಟೋ ಸಲ ಎಚ್‌ಇವಿಸಿ ಅನ್ನುವ, ವಿಡಿಯೊವನ್ನು ಇನ್ನೂ ಕುಗ್ಗಿಸಿ ಇಡುವ ಬಗೆಯಲ್ಲಿ. ಐಫೋನ್‌ಗಳಲ್ಲೂ 2017ರಿಂದ ಇದೇ ಬಂದಿದೆ. ಕಡಿಮೆ ಜಾಗದಲ್ಲಿ ಒಳ್ಳೆಯ ಚಿತ್ರ, ನಿಜ. ಆದರೆ ಹಳೇ ಟಿವಿಗೆ ಇದು ಓದೋಕೆ ಬರುವುದಿಲ್ಲ. ಆಗ ವಿಡಿಯೊ ಓಡುತ್ತಿರುವಾಗಲೇ ಸರ್ವರ್ ಅದನ್ನು ಟಿವಿಗೆ ಆಗುವಂತೆ ಬದಲಾಯಿಸಿ ಕಳಿಸಬೇಕು. ಟ್ರಾನ್ಸ್‌ಕೋಡಿಂಗ್ ಅನ್ನುವುದು ಇದಕ್ಕೇ.

ಹಳೇ ಡೆಸ್ಕ್‌ಟಾಪ್‌ನಲ್ಲಿರುವ 4ನೇ ತಲೆಮಾರಿನ ಇಂಟೆಲ್ ಐ5 ಪ್ರೊಸೆಸರ್‌ಗೆ ಎಚ್‌ಇವಿಸಿಗೆಂದೇ ಬೇರೆ ಸರ್ಕ್ಯೂಟ್ ಇಲ್ಲ. ಪೂರ್ತಿ ಕೆಲಸ ಪ್ರೊಸೆಸರ್ ತಲೆ ಮೇಲೆ. ಸರಿಯಾಗಿ ಧಾರೆ ಎರೆಯುವ ಹೊತ್ತಿಗೆ ಚಿತ್ರ ನಿಲ್ಲುತ್ತದೆ, ಪರದೆ ಮಧ್ಯೆ ಚಕ್ರ ಸುತ್ತುತ್ತದೆ, ಫ್ಯಾನ್ ಸದ್ದು ಪಕ್ಕದ ರೂಮಿಗೂ ಕೇಳುತ್ತದೆ. ಎನ್100ನಲ್ಲಿ ಎಚ್‌ಇವಿಸಿ ಬಿಡಿಸುವ ವ್ಯವಸ್ಥೆ ಚಿಪ್‌ನೊಳಗೇ ಇದೆ. ಎವಿ1 ಅನ್ನುವ ಹೊಸ ಫೈಲ್‌ಗಳನ್ನೂ ಬಿಡಿಸುತ್ತದೆ.

ಇನ್ನು ಕರೆಂಟು. ಸರ್ವರ್ ಅಂದಮೇಲೆ ಹಗಲು ರಾತ್ರಿ ಆನ್ ಇರುತ್ತದೆ. 50 ವ್ಯಾಟ್ ಎಳೆಯುವ ಡೆಸ್ಕ್‌ಟಾಪ್ ತಿಂಗಳಿಗೆ 36 ಯೂನಿಟ್ ತಿನ್ನುತ್ತದೆ. ಹೊಸ ಪೆಟ್ಟಿಗೆ ಡಿಸ್ಕ್‌ಗಳೂ ಸೇರಿ ಸುಮಾರು 20 ವ್ಯಾಟ್, ಅಂದರೆ 14-15 ಯೂನಿಟ್. ಗೃಹಜ್ಯೋತಿಯಲ್ಲಿ ಇರುವವರಿಗೆ ಇದು ಸಣ್ಣ ಲೆಕ್ಕವಲ್ಲ. 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ ನೀವೇ ಕಟ್ಟಬೇಕು.

ಡಿಸ್ಕ್ ವಿಷಯದಲ್ಲಿ ನಾವು ಸ್ವಲ್ಪ ಹಠಮಾರಿಗಳು. ಒಂದೇ ಡಿಸ್ಕ್ ಹಾಕಿ ಕೊಡಿ ಅಂದರೆ ಇನ್ನು ಕೊಡುವುದಿಲ್ಲ. ಎರಡರಲ್ಲೂ ಅದೇ ಫೈಲ್ ಇರುತ್ತದೆ, ಒಂದು ಕೆಟ್ಟರೆ ಇನ್ನೊಂದು ನಡೆಸುತ್ತದೆ. ಎರಡೂ ಸಿಎಂಆರ್, ಅಂದರೆ ಮಾಹಿತಿ ಬರೆಯುವ ಸಾಲುಗಳು ಒಂದರ ಮೇಲೊಂದು ಬೀಳದೆ ಪಕ್ಕಪಕ್ಕ ಇರುವ ಡಿಸ್ಕ್ ಆಗಿರಬೇಕು. ಅಗ್ಗಕ್ಕೆ ಸಿಗುವ ಎಸ್‌ಎಂಆರ್ ಡಿಸ್ಕ್‌ನಲ್ಲಿ ಸಾಲುಗಳು ಮನೆ ಹಂಚಿನ ಹಾಗೆ ಒಂದರ ಮೇಲೊಂದು ಅಂಚು ಹೊದ್ದಿರುತ್ತವೆ. ಒಂದು ಸಾಲು ತಿದ್ದಬೇಕಾದರೆ ಪಕ್ಕದ್ದನ್ನೂ ಮತ್ತೆ ಬರೆಯಬೇಕು. ಕೆಟ್ಟ ಡಿಸ್ಕ್ ತೆಗೆದು ಹೊಸದಕ್ಕೆ ಎಲ್ಲವನ್ನೂ ತುಂಬಿಸುವಾಗ ಇದು ವಿಪರೀತ ನಿಧಾನ. 2020ರಲ್ಲಿ ನ್ಯಾಸ್, ಅಂದರೆ ನೆಟ್‌ವರ್ಕ್‌ನಲ್ಲಿ ಫೈಲ್ ಇಡುವ ಪೆಟ್ಟಿಗೆಗೆಂದೇ ಮಾರುತ್ತಿದ್ದ ಕೆಲವು ಡಿಸ್ಕ್‌ಗಳೂ ಎಸ್‌ಎಂಆರ್ ಅಂತ ಗೊತ್ತಾಗಿ ದೊಡ್ಡ ಗಲಾಟೆ ಆಗಿತ್ತು. ಅದಕ್ಕೇ ಡಬ್ಬಿ ಮೇಲಿನ ಹೆಸರು ನೋಡಿ ಸುಮ್ನೆ ತರಿಸುವುದಿಲ್ಲ, ಮಾಡೆಲ್ ನಂಬರ್ ನೋಡಿಯೇ ತರಿಸುತ್ತೇವೆ.

ಹಾಗಂತ ಎರಡು ಡಿಸ್ಕ್ ಇದ್ದರೆ ಬ್ಯಾಕಪ್ ಆಯಿತು ಅಂದುಕೊಳ್ಳಬೇಡಿ. ಕೈತಪ್ಪಿ ಡಿಲೀಟ್ ಮಾಡಿದರೆ ಎರಡರಲ್ಲೂ ಹೋಗುತ್ತದೆ. ಸಿಡಿಲಿಗೆ ಎರಡೂ ಒಟ್ಟಿಗೇ ಸುಡಬಹುದು. ಫೋಟೊಗಳನ್ನಾದರೂ ಬೇರೊಂದು ಯುಎಸ್‌ಬಿ ಡಿಸ್ಕ್‌ಗೆ ಹಾಕಿ, ವೈರ್ ತೆಗೆದು ಬೀರುವಿನಲ್ಲಿಡಿ.

ಸರ್ವರ್‌ನಲ್ಲಿರುವ ವಿಡಿಯೊ, ಹಾಡುಗಳನ್ನು ಟಿವಿಯಲ್ಲಿ ತೋರಿಸುವ ಸಾಫ್ಟ್‌ವೇರ್ ಜೆಲ್ಲಿಫಿನ್. ದುಡ್ಡು ಕಟ್ಟುವಂಥದ್ದಲ್ಲ. ಇಂಥದ್ದೇ ಇನ್ನೊಂದು ಸಾಫ್ಟ್‌ವೇರ್ ಪ್ಲೆಕ್ಸ್‌ನಲ್ಲಿ 2025ರ ಏಪ್ರಿಲ್ ಕೊನೆಯಿಂದ ಮನೆ ಹೊರಗಿಂದ ನಿಮ್ಮದೇ ವಿಡಿಯೊ ನೋಡೋಕೂ ಚಂದಾ ಬೇಕು. ಅದೇ ಬೇಕು ಅನ್ನುವವರಿಗೆ ಅದನ್ನೂ ಹಾಕಿಕೊಡುತ್ತೇವೆ.

ಈಗಾಗಲೇ ನಮ್ಮಿಂದ ಡೆಸ್ಕ್‌ಟಾಪ್ ಸರ್ವರ್ ಒಯ್ದವರಿಗೆ ಸರ್ವಿಸ್ ಮೊದಲಿನ ಹಾಗೇ ಇರುತ್ತದೆ. ಗಾಬರಿ ಬೀಳಬೇಡಿ, ಎಲ್ಲರೂ ಬದಲಾಯಿಸಬೇಕಾಗಿಲ್ಲ. ನಿಮ್ಮ ಟಿವಿ ಎಲ್ಲ ಫೈಲನ್ನೂ ತಾನೇ ಓಡಿಸುತ್ತಿದ್ದರೆ ಸರ್ವರ್‌ಗೆ ಹೆಚ್ಚು ಕೆಲಸವೇ ಇರುವುದಿಲ್ಲ. ವಿಡಿಯೊ ಓಡುವಾಗ ಜೆಲ್ಲಿಫಿನ್ ಡ್ಯಾಶ್‌ಬೋರ್ಡ್ ತೆರೆದು ನೋಡಿ. ಅಲ್ಲಿ ಡೈರೆಕ್ಟ್ ಪ್ಲೇ ಅಂತಿದ್ದರೆ ಇರುವುದನ್ನೇ ಇಟ್ಟುಕೊಳ್ಳಿ. ಟ್ರಾನ್ಸ್‌ಕೋಡಿಂಗ್ ಅಂತ ಪದೇ ಪದೇ ಬರುತ್ತಿದ್ದರೆ ಅಂಗಡಿಗೆ ಬನ್ನಿ. ಬರುವಾಗ ಟಿವಿ ಹಿಂದಿನ ಲೇಬಲ್‌ನ ಫೋಟೊ ತನ್ನಿ, ಮಾಡೆಲ್ ನಂಬರ್ ಕಾಣುವ ಹಾಗೆ.

ಇಂತಿ,
ನಿಮ್ಮ ಕಂಪ್ಯೂಟರ್ ಅಂಗಡಿಯವರು