ಆ ಹನ್ನೊಂದು ಸಾಮಾನಿನ ಸೆಟ್ ಬೇಡ, ಕಲೆಕ್ಟರ್ ಸಾಹೇಬ್ರೇ

ಪ್ರಿಯ ಕಲೆಕ್ಟರ್ ಸಾಹೇಬ್ರೇ,

ನೀನು ಕಳಿಸಿದ ಲಿಂಕ್ ನೋಡಿದೆ. ಪ್ಲಾಸ್ಟಿಕ್ ಸೂಟ್‌ಕೇಸ್, ಒಳಗೆ ಕೈತೋಟದ ಹನ್ನೊಂದು ಸಾಮಾನು, ಮೇಲೆ ಒಂದು ಜೊತೆ ಕೈಗವಸು ಫ್ರೀ. ತಗೋಬೇಡ. ಮೈಸೂರಿನ ನಿನ್ನ ಹಿತ್ತಲಿಗೆ ಒಂದು ಕುರ್ಪಿ, ಒಂದು ಕೈಗುದ್ದಲಿ, ಒಂದು ಸಿಕೇಟರ್ ಅಂದರೆ ಗಿಡ ಸವರೋ ಕತ್ತರಿ, ಒಂದು ಮಡಚುವ ಗರಗಸ ಇದ್ದರೆ ಆಯ್ತು. ಜೊತೆಗೆ ಕಬ್ಬಿಣ ಉಜ್ಜೋಕೊಂದು ಅರ. ಫೋನಲ್ಲಿ ಹೇಳಿದ್ದರೆ ಮುಗೀತಿತ್ತು, ಆದರೆ ಇದೇ ಪ್ರಶ್ನೆಯನ್ನ ಬೇರೆಯವರೂ ಕೇಳ್ತಿದ್ದಾರೆ, ಅದಕ್ಕೇ ಎಲ್ಲರ ಮುಂದೆ ಬರೀತಿದ್ದೀನಿ.

ಆ ಫೋಟೋನ ದೊಡ್ಡದು ಮಾಡಿ ಕೈಸಲಿಕೆಯ ಕತ್ತು ನೋಡು, ಅಲಗು ಹಿಡಿಗೆ ಸೇರುವ ಜಾಗ. ಒತ್ತಿ ಮಾಡಿದ ತಗಡಿಗೆ ಒಂದು ಸರಳಿನ ತುಂಡನ್ನ ಎರಡು ಚುಕ್ಕೆ ವೆಲ್ಡಿಂಗ್‌ನಲ್ಲಿ ಕೂರಿಸಿ, ಸರಳಿನ ಇನ್ನೊಂದು ತುದಿಯನ್ನ ಪ್ಲಾಸ್ಟಿಕ್ ಹಿಡಿಯೊಳಗೆ ತುರುಕಿದ್ದಾರೆ. ಕೋಕೋಪೀಟ್, ಅಂದರೆ ತೆಂಗಿನ ನಾರಿನ ಪುಡಿ, ತುಂಬಿದ ಕುಂಡದಲ್ಲಿ ಆಡಿಸೋಕೆ ಅಡ್ಡಿಯಿಲ್ಲ. ನಿನ್ನದು ಮಾರ್ಚ್ ಬಂದರೆ ಇಟ್ಟಿಗೆಯಾಗೋ ಕೆಂಪುಮಣ್ಣು. ತುದಿ ಕಲ್ಲಿಗೆ ಸಿಕ್ಕಿದಾಗ ನೀನು ಹಿಡಿಯನ್ನ ಅದುಮಿ ಮೀಟ್ತೀಯ, ಪೂರ್ತಿ ಭಾರ ಆ ಕತ್ತಿನ ಮೇಲೆ ಬೀಳುತ್ತೆ. ಮೊದಲು ಬಾಗುತ್ತೆ. ನೀನು ನೆಟ್ಟಗೆ ಮಾಡ್ತೀಯ. ಬಾಗಿಸಿ ನೆಟ್ಟಗೆ ಮಾಡಿದ ಕಬ್ಬಿಣ ಅದೇ ಗೆರೆಯಲ್ಲಿ ಬಿರುಕು ಬಿಟ್ಟು ಒಂದು ದಿನ ಕೈಗೇ ಬರುತ್ತೆ.

ಅದರ ಬದಲು ಕುರ್ಪಿ ತಗೋ. ಅಲಗು, ಕತ್ತು, ಬಾಲ ಎಲ್ಲಾ ಒಂದೇ ತುಂಡು ಉಕ್ಕಿನಲ್ಲಿ ಬಡಿದಿರಬೇಕು. ಬಾಲ ಮರದ ಹಿಡಿಯನ್ನ ಉದ್ದಕ್ಕೂ ಹಾದು ಆಚೆ ತುದಿಯಲ್ಲಿ ಹೊರಗೆ ಬಂದು ಮಡಚಿಕೊಂಡಿದ್ದರೆ ಅದು ಕಳಚಲ್ಲ. ಅರ್ಧಕ್ಕೇ ನಿಂತ ಬಾಲವಾದರೆ ಅಡ್ಡಲಾಗಿ ಒಂದು ರಿವೆಟ್ ಇರಲೇಬೇಕು. ಹಿಡಿಯ ಬಾಯಿಗೆ ಕಬ್ಬಿಣದ ಬಳೆ ಇದೆಯಾ ನೋಡು, ಇಲ್ಲದಿದ್ದರೆ ಮೀಟಿದಾಗ ಮರ ಸೀಳುತ್ತೆ. ಎರಡು ಕೈಯಲ್ಲಿ ಹಿಡಿದು ತಿರುಚು. ಕತ್ತಿನಲ್ಲಿ ಕಿರ್ ಅಂದರೆ ಅಂಗಡಿಯವನಿಗೇ ವಾಪಸ್ ಕೊಡು.

ಸಂತೆಯಲ್ಲಿ ಕಮ್ಮಾರರು ಮಾರೋ ಕುರ್ಪಿ ಎಷ್ಟೋ ಸಲ ಬ್ರ್ಯಾಂಡಿನದಕ್ಕಿಂತ ವಾಸಿ. ಯಾವುದರಿಂದ ಮಾಡಿದ್ದು ಅಂತ ಕೇಳು. ಲಾರಿ ಪ್ಲೇಟ್ ಅಂದರೆ ಸ್ಪ್ರಿಂಗ್ ಉಕ್ಕು, ಇಂಗಾಲದ ಅಂಶ ಸಾಕಷ್ಟಿರೋದರಿಂದ ಹದ ಹಿಡಿಯುತ್ತೆ. ಕಟ್ಟಡದ ಕಂಬಿಯಿಂದ ಬಡಿದದ್ದಾದರೆ ನೋಡೋಕೆ ಹಾಗೇ ಇರುತ್ತೆ, ಅಂಚು ಮಾತ್ರ ನಿಲ್ಲಲ್ಲ. ಕೇಳೋಕೆ ಸಂಕೋಚವಾದರೆ ಜೇಬಲ್ಲಿ ಚಿಕ್ಕ ಅರ ಇಟ್ಕೊಂಡು ಹೋಗಿ ಅಂಚಿಗೆ ಒಂದೆಳೆ ಎಳೆದು ನೋಡು. ಅರ ಕಚ್ಚದೆ ಜಾರಿದರೆ ಹದ ಜಾಸ್ತಿಯಾಗಿದೆ, ಕಲ್ಲಿಗೆ ತಾಗಿದರೆ ಚೂರು ಹಾರುತ್ತೆ. ಸಲೀಸಾಗಿ ಪುಡಿ ಉದುರಿದರೆ ಹದವೇ ಹಾಕಿಲ್ಲ. ಸ್ವಲ್ಪ ತಡೆದು ಕಚ್ಚಿದರೆ ಅದೇ ನಿನ್ನದು. ಇಂಥ ಉಕ್ಕು ತುಕ್ಕು ಹಿಡಿಯುತ್ತೆ, ಹಿಡೀಲಿ, ಒರೆಸಿದರೆ ಹೋಗುತ್ತೆ. ಸ್ಟೇನ್‌ಲೆಸ್‌ಗೆ ಅಂಟುಮಣ್ಣು ಕಡಿಮೆ ಮೆತ್ತುತ್ತೆ. ಎರೆಮಣ್ಣಿನ ಕಡೆಯವರಿಗೆ ಅದು ಲಾಭ, ನಿನಗಲ್ಲ.

ಹಿಡಿಯ ದಪ್ಪ 3ರಿಂದ 4 ಸೆಂಟಿಮೀಟರ್ ಇರಲಿ. ಮುಷ್ಟಿ ಕಟ್ಟಿದಾಗ ಹೆಬ್ಬೆರಳು ತೋರುಬೆರಳಿನ ಮೇಲೆ ಬಂದು ಕೂರಬೇಕು. ತೀರಾ ಸಣ್ಣದಾದರೆ ಉಗುರು ಅಂಗೈಗೆ ಒತ್ತುತ್ತೆ, ದಪ್ಪವಾದರೆ ಹಿಡಿದುಕೊಳ್ಳೋದಕ್ಕೇ ಅರ್ಧ ಶಕ್ತಿ ಹೋಗುತ್ತೆ. ಉದ್ದ 10 ಸೆಂಟಿಮೀಟರಿಗಿಂತ ಕಡಿಮೆ ಬೇಡ. ಗಿಡ್ಡ ಹಿಡಿಯ ತುದಿ ಅಂಗೈಯ ನಡುಮಧ್ಯಕ್ಕೆ ಬಂದು ನರದ ಮೇಲೇ ಒತ್ತುತ್ತೆ, ಸಂಜೆ ಬೆರಳು ಜೋಮು ಹಿಡಿಯೋದು ಇದರಿಂದಲೇ. ಬೆರಳಿಗೊಂದೊಂದು ಗುಳಿ ಮಾಡಿರೋ ಹಿಡಿ ನೋಡೋಕೆ ಚೆಂದ, ಆದರೆ ಆ ಗುಳಿಗಳು ಯಾರದೋ ಬೆರಳಿನ ಅಳತೆಯವು. ನಿನ್ನ ಬೆರಳು ದಿಣ್ಣೆ ಮೇಲೆ ಕೂತರೆ ಬೊಬ್ಬೆ. ನುಣುಪು ವಾರ್ನಿಷ್ ಇದ್ದರೆ ಮರಳುಕಾಗದದಲ್ಲಿ ಉಜ್ಜಿ ತೆಗೆದುಬಿಡು, ಬೆವರಿದ ಕೈಯಲ್ಲಿ ಅದು ಜಾರುತ್ತೆ.

ಸಿಕೇಟರ್‌ಗೆ ಬರೋಣ. ಕೈಗೆ ತಗೊಂಡ ತಕ್ಷಣ ಖಾಲಿ ಕತ್ತರಿಯನ್ನೇ ಇಪ್ಪತ್ತು ಸಲ ಒತ್ತು. ಸ್ಪ್ರಿಂಗ್ ಬಿರುಸಾಗಿದ್ದರೆ ಅಷ್ಟಕ್ಕೇ ಗೊತ್ತಾಗುತ್ತೆ. ಒಂದು ಗುಲಾಬಿ ಸವರುವಷ್ಟರಲ್ಲಿ ಕೊಂಬೆಗಿಂತ ಸ್ಪ್ರಿಂಗ್ ಜೊತೆಗೇ ಹೆಚ್ಚು ಗುದ್ದಾಡಿರ್ತೀಯ. ಎರಡನೆಯದು ಚಿಲಕ. ಹಿಡಿದ ಕೈಯ ಹೆಬ್ಬೆರಳಿಗೇ ಎಟುಕಿ, ಸುಲಭವಾಗಿ ಸರಿಯಬೇಕು. ಪೂರ್ತಿ ತೆರೆದಾಗ ಎರಡು ಹಿಡಿಗಳ ನಡುವೆ 9 ಸೆಂಟಿಮೀಟರ್ ಮೀರಬಾರದು, ಮೀರಿದರೆ ಕಿರುಬೆರಳು ಕೆಲಸಕ್ಕೇ ಬರಲ್ಲ.

ಆಮೇಲೆ ಅಲಗು. ಹಸಿ ಕೊಂಬೆಗೆ ಬೈಪಾಸ್ ಬೇಕು, ಅಂದರೆ ಎರಡು ಅಲಗು ಒಂದರ ಪಕ್ಕ ಒಂದು ಜಾರೋದು. ಒಂದು ಅಲಗು ಚಪ್ಪಟೆ ಪಟ್ಟಿ ಮೇಲೆ ಬಂದು ಕೂರೋ ಆನ್ವಿಲ್ ಒಣಗಿದ ಕಡ್ಡಿಗೆ ಸರಿ, ಹಸಿ ತೊಗಟೆಯನ್ನ ಜಜ್ಜಿಹಾಕುತ್ತೆ, ಜಜ್ಜಿದ ಕೊಂಬೆ ತುದಿಯಿಂದ ಕೆಳಕ್ಕೆ ಒಣಗುತ್ತಾ ಬರುತ್ತೆ. ಅಂಗಡಿಯಲ್ಲೇ ನ್ಯೂಸ್‌ಪೇಪರ್ ಹಾಳೆ ಕತ್ತರಿಸಿ ನೋಡು. ತುದಿವರೆಗೂ ನೀಟಾಗಿ ಕತ್ತರಿಸಬೇಕು. ಮಡಚಿಕೊಂಡು ಸಿಕ್ಕಿಬಿದ್ದರೆ ಅಲಗುಗಳ ನಡುವೆ ಸಂದು ಇದೆ ಅಂತ. ನಡುವಿನ ಕೀಲು ರಿವೆಟ್ ಆಗಿರಬಾರದು, ನಟ್-ಬೋಲ್ಟ್ ಇರಬೇಕು. ಸಡಿಲವಾದಾಗ ಬಿಗಿ ಮಾಡೋದಕ್ಕೂ, ಬಿಚ್ಚಿ ಸಾಣೆ ಹಿಡಿಯೋದಕ್ಕೂ ಬೇರೆ ದಾರಿ ಇಲ್ಲ. ಸಾಣೆ ಹಿಡಿಯೋದು ಇಳಿಜಾರು ಇರುವ ಮಗ್ಗುಲಿಗೆ ಮಾತ್ರ. ಚಪ್ಪಟೆ ಮಗ್ಗುಲನ್ನೂ ಉಜ್ಜಿದರೆ ಸಂದು ನೀನೇ ಮಾಡಿದ ಹಾಗೆ.

ಸ್ವಿಟ್ಜರ್ಲೆಂಡಿನ ಫೆಲ್ಕೋ 1945ರಿಂದ ಇದನ್ನೇ ಮಾಡ್ತಿದೆ. ಅವರ 2ನೇ ನಂಬರಿನ ಕತ್ತರಿ 240 ಗ್ರಾಂ ತೂಗುತ್ತೆ, 25 ಮಿಲಿಮೀಟರ್ ದಪ್ಪದ ಕೊಂಬೆ ಕತ್ತರಿಸುತ್ತೆ, ಪ್ರತಿಯೊಂದು ಭಾಗವೂ ಬಿಡಿಯಾಗಿ ಸಿಗುತ್ತೆ. ಚಿಕ್ಕ ಕೈಗೆ 6, ಎಡಚರಿಗೆ 9, ಕೆಳಗಿನ ಹಿಡಿ ಬೆರಳಿನ ಜೊತೆ ತಿರುಗೋದು ಬೇಕಾದರೆ 7. ಬೆಲೆ ಕೇಳಿ ಅತ್ತಿಗೆ ನಿನ್ನನ್ನ ಹಿತ್ತಲಲ್ಲೇ ಮಲಗಿಸಬಹುದು. ಹಾಗಾದರೆ ಲುಧಿಯಾನದ ಫಾಲ್ಕನ್ ಥರದ ನಮ್ಮವನ್ನೇ ತಗೋ, ದುಡ್ಡು ಕೊಡೋ ಮುಂಚೆ ಸ್ಪ್ರಿಂಗ್, ಅಲಗು ಬೇರೆ ಸಿಗುತ್ತಾ ಅಂತ ಮಾತ್ರ ಕೇಳು. ಯಾವುದೇ ಆದರೂ ಕತ್ತರಿಸುವಾಗ ತಿರುಚಬೇಡ, ಕೊಂಬೆಯನ್ನ ಅಲಗಿನ ಬುಡಕ್ಕೆ ಕೊಡು. ಎರಡು ಸೆಂಟಿಮೀಟರ್ ದಾಟಿದರೆ ಗರಗಸ.

ಇಷ್ಟು ಬರೆದು ಮೇಲಿಂದ ಓದಿದೆ. ಸ್ಪ್ರಿಂಗ್ ಮೊದಲು, ಚಿಲಕ ಎರಡನೆಯದು, ಅಲಗು ಕೊನೆಗೆ. ನನ್ನನ್ನ ಬಲ್ಲವನು ನೀನು, ಹಿಂದೆ ಯಾರಾದರೂ ಹೀಗೆ ಹೇಳಿದ್ದರೆ ನಾನೇ ಜಗಳಕ್ಕೆ ಹೋಗ್ತಿದ್ದೆ. ಕತ್ತರಿ ಅಂದರೆ ಅಲಗು, ಉಳಿದದ್ದು ಅಲಂಕಾರ ಅಂತಿದ್ದವನು ನಾನು. ಆ ಕ್ರಮ ಬದಲಾಯಿಸಿದ್ದು ಜ್ಞಾನ ಅಲ್ಲ ಕಣೋ, ಬಲಗೈ ಹೆಬ್ಬೆರಳಿನ ಬುಡ. ಮಣಿಕಟ್ಟಿಗೆ ಸೇರುವ ಗಂಟಿನಲ್ಲಿ ನೋವು. ಬೆಳಿಗ್ಗೆ ಬಾಟಲಿ ಮುಚ್ಚಳ ತಿರುಗಲ್ಲ, ಬಟ್ಟೆ ಹಿಂಡೋಕಾಗಲ್ಲ. ಮನೆಯಲ್ಲಿ ಹೇಳಿಲ್ಲ. ಈ ಸಲ ಗುಲಾಬಿ ಯಾಕೆ ಸವರಿಲ್ಲ ಅಂದವರಿಗೆ ಸಹಜ ಕೃಷಿ ಬಗ್ಗೆ ಭಾಷಣ ಬಿಗೀತಿದ್ದೀನಿ, ಎಲ್ಲರೂ ತಲೆಯಾಡಿಸ್ತಾರೆ, ಅದು ಇನ್ನೂ ಹಿಂಸೆ. ಡಾಕ್ಟರು ಕತ್ತರಿ ಕೆಳಗಿಡಿ ಅಂದುಬಿಟ್ಟರೆ ಅಂತ ಆ ಕಡೆ ತಲೆ ಹಾಕಿಲ್ಲ. ಕತ್ತರಿ ಕೆಳಗಿಟ್ಟ ಮೇಲೆ ನಾನು ಬೆಳಗಿನ ಹೊತ್ತು ಏನು ಮಾಡಲಿ ಅನ್ನೋದಕ್ಕೆ ನನ್ನ ಹತ್ರ ಉತ್ತರ ಇಲ್ಲ.

ಸಾಕು. ಫೆಲ್ಕೋದವರು ಹೆಬ್ಬೆರಳಿಗೆ ಬಿಡಿಭಾಗ ಮಾಡಿಲ್ಲ ಅನ್ನೋದೊಂದೇ ನನ್ನ ತಕರಾರು. ಅತ್ತಿಗೆ ಇದನ್ನ ಓದಿದ ಐದು ನಿಮಿಷಕ್ಕೆ ನಮ್ಮನೆಗೆ ಫೋನ್ ಬರುತ್ತೆ ಅಂತ ಗೊತ್ತು, ಅದಕ್ಕೆ ಇದನ್ನ ಹಾಕಿದ ತಕ್ಷಣ ನಾನೇ ಅಡುಗೆಮನೆಗೆ ಹೋಗಿ ಶರಣಾಗ್ತೀನಿ.

ಕೈಗುದ್ದಲಿ ಮರೆತೇಬಿಟ್ಟಿದ್ದೆ. ಕಾವಿನ, ಅಂದರೆ ಅದರ ಮರದ ಹಿಡಿಯ, ತುದಿಯಿಂದ ನೋಡಿದಾಗ ಮರದ ಎಳೆ ಉದ್ದಕ್ಕೆ ನೆಟ್ಟಗೆ ಓಡಿರಬೇಕು. ಎಳೆ ಓರೆಯಾಗಿ ಹೊರಗೆ ಹೋಗಿದ್ದರೆ ಅಲ್ಲೇ ಮುರಿಯುತ್ತೆ. ಜಾಲಿ, ಹುಣಸೆ, ದಿಂಡಿಗ ಒಳ್ಳೇದು, ಗಟ್ಟಿ ಬಿದಿರೂ ಆಗುತ್ತೆ. ಬೇಸಿಗೆಯಲ್ಲಿ ಗುದ್ದಲಿಯ ಕಣ್ಣಿನ, ಅಂದರೆ ಕಾವು ತೂರೋ ತೂತಿನ, ಹತ್ರ ಕಾವು ಸಡಿಲ ಆದಾಗ ನೀರಲ್ಲಿ ನೆನೆಹಾಕಬೇಡ. ನೆನೆದ ಮರ ಕಬ್ಬಿಣದೊಳಗೆ ಹಿಗ್ಗೋಕೆ ಜಾಗ ಇಲ್ಲದೆ ತನ್ನನ್ನೇ ಅದುಮಿಕೊಳ್ಳುತ್ತೆ, ಒಣಗಿದ ಮೇಲೆ ಮೊದಲಿಗಿಂತ ಸಡಿಲ. ಬೆಣೆ ಹೊಡಿ.

ಕಾವಿಗೆ ಹಚ್ಚೋದು ಅಗಸೆ ಎಣ್ಣೆ. ಕೊಬ್ಬರಿ ಎಣ್ಣೆ ಒಣಗಲ್ಲ, ಜಿಡ್ಡು ಹಿಡಿಯುತ್ತೆ, ಅದನ್ನ ಅಲಗಿಗೆ ಇಟ್ಕೋ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನ ಮುದ್ದೆ ಮಾಡಿ ಮೂಲೆಗೆ ಎಸೀಬೇಡ. ಒಣಗುವಾಗ ಒಳಗೇ ಬಿಸಿಯಾಗಿ ತಾನಾಗೇ ಹೊತ್ತಿಕೊಳ್ಳಬಹುದು. ಬಿಡಿಸಿ ಹೊರಗೆ ಹರವು. ಆ ಬಟ್ಟೆ ಅತ್ತಿಗೆಯ ಸೀರೆಯಾಗಿದ್ದರೆ ಬೆಂಕಿ ಹೇಗೂ ಬೇರೆ ಕಡೆಯಿಂದ ಬರುತ್ತೆ.

ಇಂತಿ ನಿನ್ನ,
ತಹಶೀಲ್ದಾರ