ಕೌದಿಯ ಜಾಡಿನಲ್ಲಿ ಜೊತೆಯಾದವರಿಗೆ

ಬಟ್ಟೆಯ ತುಂಡುಗಳನ್ನು ಪದರವಾಗಿ ಜೋಡಿಸಿ ಹೊಲಿದ ನಮ್ಮ ಭಾಗದ ಕೌದಿಗಳನ್ನೂ ಅಂಥವೇ ಹೊದಿಕೆಗಳಾದ ಅಮೆರಿಕದ ಕ್ವಿಲ್ಟ್‌ಗಳನ್ನೂ ಅಕ್ಕಪಕ್ಕ ಇಟ್ಟು, ಅವುಗಳ ವಿನ್ಯಾಸಗಳ ಮೂಲವನ್ನು ಹುಡುಕುವ ನನ್ನ ಚಿತ್ರಸಂಪುಟ ಕೊನೆಗೂ ಮುಗಿದಿದೆ. ಬೈಂಡ್ ಮಾಡಿಸಿದ ಒಂದು ಪ್ರತಿಯನ್ನು ಕೊಪ್ಪಳದ ಗ್ರಂಥಾಲಯಕ್ಕೆ ಕೊಟ್ಟು ಬಂದೆ. ಮುಖಪುಟದ ಮೇಲೆ ನನ್ನ ಹೆಸರು ಒಂದೇ ಇದೆ. ಒಳಗಿನ ಹಾಳೆ ಹಾಳೆಗೂ ಯಾರದೋ ಋಣವಿದೆ, ಅದನ್ನು ಎಲ್ಲರೆದುರು ಹೇಳದಿದ್ದರೆ ನನಗೆ ಸಮಾಧಾನವಿಲ್ಲ.

ಮೊದಲು ಬಸ್ ನಿಲ್ದಾಣದ ಹತ್ತಿರದ ರದ್ದಿ ಅಂಗಡಿಯ ಕಾಕಾ. ಹೊಲಿಗೆ, ಕಸೂತಿ, ಹೆಣಿಗೆಯ ಪುಟ ಇರುವ ಯಾವ ಹಳೆಯ ಪತ್ರಿಕೆ ಕಂಡರೂ ಅವರು ತಕ್ಕಡಿಗೆ ಹಾಕದೆ ನನಗಾಗಿ ತೆಗೆದಿಟ್ಟರು. ದುಡ್ಡು ಕೊಡಲು ಹೋದರೆ ರದ್ದಿಯ ದರವನ್ನಷ್ಟೇ ಪಡೆದರು. ಆ ಕಟ್ಟುಗಳಲ್ಲಿ ಸ್ವೆಟರ್ ಸಿಕ್ಕಿತು, ಕ್ರೋಶಾ ಸಿಕ್ಕಿತು, ಮೇಜಿನ ಮೇಲೆ ಹಾಸುವ ಬಟ್ಟೆಯ ಹೂಬಳ್ಳಿ ಸಿಕ್ಕಿತು. ಮನೆಮನೆಯಲ್ಲೂ ಇರುವ ಕೌದಿ ಮಾತ್ರ ಸಿಗಲಿಲ್ಲ. ಈ ಕೊರತೆ ನನ್ನನ್ನು ಬಹಳ ಕಾಡಿತು, ಕೆಲಸ ಬಿಡದಂತೆ ಹಿಡಿದಿಟ್ಟದ್ದೂ ಅದೇ.

ಅಮೆರಿಕದ ಪತ್ರಿಕೆಗಳನ್ನು ತೋರಿಸಿದವಳು ನನ್ನ ಅಣ್ಣನ ಮಗಳು. ಅಲ್ಲಿನ ಗ್ರಂಥಾಲಯಗಳು ಸ್ಕ್ಯಾನ್ ಮಾಡಿ ಎಲ್ಲರಿಗೂ ತೆರೆದಿಟ್ಟಿರುವ ಸಂಚಿಕೆಗಳನ್ನು ಹುಡುಕಿ, ದೊಡ್ಡದಾಗಿ ಮುದ್ರಿಸಿ ತಂದುಕೊಟ್ಟಳು. ಕಣ್ಣಿನ ಶಸ್ತ್ರಚಿಕಿತ್ಸೆಯಾಗಿ ನಾನು ಓದಲಾರದೆ ಕುಳಿತಾಗ ತಾನೇ ಓದಿ ಅರ್ಥ ಹೇಳಿದಳು. ಫಿಲಡೆಲ್ಫಿಯಾದ ‘ಗೋಡೀಸ್ ಲೇಡೀಸ್ ಬುಕ್’ ಎಂಬ ಮಾಸಪತ್ರಿಕೆ 1835ರ ಜನವರಿಯಲ್ಲಿ ಆರು ಮೂಲೆಯ ತುಂಡುಗಳನ್ನು ಜೇನುಹಟ್ಟಿಯ ಕಣ್ಣುಗಳಂತೆ ಜೋಡಿಸುವ ನಮೂನೆಯನ್ನು ಅಚ್ಚು ಹಾಕಿತ್ತು. ಅಮೆರಿಕದ ಪತ್ರಿಕೆಗಳಲ್ಲಿ ಬಂದ ಮೊದಮೊದಲ ಕ್ವಿಲ್ಟ್ ನಮೂನೆಗಳಲ್ಲಿ ಅದೊಂದು. ಹಾಗೆಂದು ಆ ವಿನ್ಯಾಸ ಆ ತಿಂಗಳು ಹುಟ್ಟಿತೇ? ಇಲ್ಲ. ಇಂಗ್ಲೆಂಡಿನ ಹೆಣ್ಣುಮಕ್ಕಳು ಅದಕ್ಕೂ ಮೊದಲೇ ಅದನ್ನು ಹೊಲಿಯುತ್ತಿದ್ದರು. ಸುಮಾರು ನೂರು ವರ್ಷಗಳ ನಂತರ, 1930ರ ದಶಕದಲ್ಲಿ, ಅದೇ ವಿನ್ಯಾಸ ‘ಅಜ್ಜಿಯ ಹೂದೋಟ’ ಎಂಬ ಹೆಸರಿನಿಂದ ಮನೆಮಾತಾಯಿತು. ಅಚ್ಚಾದ ದಿನಾಂಕ ನಮಗೆ ಹೇಳುವುದು ಇಷ್ಟೇ: ಈ ಹೊತ್ತಿಗೆ ಈ ನಮೂನೆ ಬಳಕೆಯಲ್ಲಿತ್ತು.

ಇದನ್ನು ನನ್ನ ತಲೆಗೆ ಹೊಗಿಸಿದವರು ನಿವೃತ್ತ ಇತಿಹಾಸ ಮೇಷ್ಟ್ರು. ಅವರು ಹಸ್ತಪ್ರತಿಯ ಸಾಲುಸಾಲಿಗೂ “ಆಧಾರ ಎಲ್ಲಿದೆ?” ಎಂದು ಕೇಳಿದರು. ಗುಲಾಮಗಿರಿಯಿಂದ ಓಡಿಹೋಗುವವರಿಗೆ ಕ್ವಿಲ್ಟ್‌ಗಳ ವಿನ್ಯಾಸವೇ ಗುಪ್ತ ಸಂಕೇತವಾಗಿತ್ತು ಎಂಬ ಕಥೆ ತುಂಬಾ ಜನಪ್ರಿಯ. ಆದರೆ ಆ ಕಾಲದ ದಾಖಲೆಗಳಲ್ಲಿ ಅದಕ್ಕೆ ಪುರಾವೆ ಇಲ್ಲವೆಂದು ಇತಿಹಾಸಕಾರರು ಹೇಳುತ್ತಾರೆ. ಆದ್ದರಿಂದ ಆ ಕಥೆ ಸಂಪುಟದಲ್ಲಿಲ್ಲ. ನಿಜವಾಗಿ ಹೊಲಿದವರ ಬೆರಳುಗಳಿಗೆ ನಾವು ಸಲ್ಲಿಸಬಹುದಾದ ಮರ್ಯಾದೆ ಸುಳ್ಳು ಸೇರಿಸದಿರುವುದು.

ನೋಡಿಯೇ ಇರದ ಕೆಲವರಿಗೂ ನಮಸ್ಕಾರ ಹೇಳಬೇಕು. ಅಮೆರಿಕದ ಮಿಸೌರಿ ರಾಜ್ಯದ ‘ಕ್ಯಾನ್ಸಸ್ ಸಿಟಿ ಸ್ಟಾರ್’ ಪತ್ರಿಕೆ 1928ರಿಂದ 1961ರವರೆಗೆ ಕ್ವಿಲ್ಟ್ ನಮೂನೆಗಳನ್ನು ಪ್ರಕಟಿಸಿತು. ಅವುಗಳಲ್ಲಿ ಎಷ್ಟನ್ನೋ ಕಳಿಸಿದವರು ಓದುಗರೇ, ಹೊಲಮನೆಯ ಹೆಣ್ಣುಮಕ್ಕಳು. ಕ್ಯಾನ್ಸಸ್‌ನ ಬಾರ್ಬರಾ ಬ್ರ್ಯಾಕ್‌ಮನ್ ಇಂಥ ಪತ್ರಿಕೆ, ಕ್ಯಾಟಲಾಗ್‌ಗಳನ್ನೆಲ್ಲ ಜಾಲಾಡಿ 4000ಕ್ಕೂ ಹೆಚ್ಚು ವಿನ್ಯಾಸಗಳನ್ನು, ತುಂಡುಗಳು ಕೂಡುವ ಬಗೆಯನ್ನು ಹಿಡಿದು ವಿಂಗಡಿಸಿದ್ದಾರೆ. ಹೆಸರು ನಂಬಿದರೆ ದಾರಿ ತಪ್ಪುತ್ತದೆ: ಒಂದು ಕಡೆ ‘ಕರಡಿಯ ಪಂಜ’ ಎನಿಸಿಕೊಂಡದ್ದು ಲಾಂಗ್ ಐಲೆಂಡಿನಲ್ಲಿ ‘ಕೆಸರಿನಲ್ಲಿ ಬಾತುಕೋಳಿಯ ಪಾದ’, ಫಿಲಡೆಲ್ಫಿಯಾದ ಕ್ವೇಕರ್ ಎಂಬ ಕ್ರೈಸ್ತ ಪಂಥದವರ ಮನೆಗಳಲ್ಲಿ ‘ಸ್ನೇಹದ ಹಸ್ತ’. ನಾನೂ ಬ್ರ್ಯಾಕ್‌ಮನ್ ಅವರ ಕ್ರಮವನ್ನೇ ಅನುಸರಿಸಿ ಕೌದಿಗಳನ್ನು ಜೋಡಿಸಿದೆ.

ಇನ್ನು ಕುಷ್ಟಗಿ ಕಡೆಯ ಒಬ್ಬ ಅವ್ವ. ಇವರ ಋಣ ಎಲ್ಲಕ್ಕಿಂತ ದೊಡ್ಡದು. ಇಂಗ್ಲೆಂಡಿನಲ್ಲಿ ಆರು ಮೂಲೆಯ ತುಂಡುಗಳನ್ನು ಕಾಗದದ ಮೇಲೆ ಮಡಚಿ ಹೊಲಿಯುತ್ತಿದ್ದರು, ಹಳೆಯ ಪತ್ರ, ಲೆಕ್ಕದ ಹಾಳೆ, ಪತ್ರಿಕೆ, ಏನಿದೆಯೋ ಅದು. ಮುಗಿಯದೆ ಉಳಿದ ಕ್ವಿಲ್ಟ್‌ಗಳಲ್ಲಿ ಆ ಕಾಗದ ಹಾಗೆಯೇ ಇದ್ದು, ಅದರ ಮೇಲಿನ ತಾರೀಖು ಇಂದಿಗೂ ಕಾಲದ ಸುಳಿವು ಕೊಡುತ್ತದೆ. ಇದನ್ನು ಅವರಿಗೆ ಹೇಳಿದೆ. ಅವರು ಎದ್ದು ಒಳಗೆ ಹೋಗಿ, ಹರಿದ ಕೌದಿಯೊಂದನ್ನು ತಂದು, ಅಂಚಿನ ದಾರ ಬಿಚ್ಚಿಯೇಬಿಟ್ಟರು. ಮೇಲೆ ಇಳಕಲ್ ಸೆರಗಿನ ಕೆಂಪು, ಖಣದ ಚೂರುಗಳು. ಕೆಳಗೆ ಅತ್ತೆಯ ಪತ್ತಲ. ಅದರಡಿ ಮಾವನವರ ಧೋತರ, ತುದಿಯಲ್ಲಿ ಮಾಸಿದ ಗಿರಣಿ ಮುದ್ರೆ. ಪತ್ರಿಕೆಗಳಲ್ಲಿ ನಾನು ಹುಡುಕುತ್ತಿದ್ದ ದಾಖಲೆ ಅಲ್ಲಿ, ಪದರಪದರವಾಗಿ, ಕಣ್ಣೆದುರೇ ಇತ್ತು.

ಈ ತ್ರಿಕೋನದ ಸಾಲು ಎಲ್ಲಿಂದ ಕಲಿತಿರಿ ಎಂದು ಕೇಳಿದೆ. “ಕುಪ್ಪಸ ಕತ್ತರಿಸಿದರೆ ಉಳಿಯುವುದೇ ಮೂಲೆ ಚೂರು. ಚೌಕ ಉಳಿದರೆ ಚೌಕ ಹಚ್ಚುತ್ತೇವೆ” ಎಂದರು. ಚೌಕವನ್ನು ಓರೆಯಾಗಿ ಕತ್ತರಿಸಿದರೆ ಮಿಸೌರಿಯಲ್ಲೂ ಎರಡು ತ್ರಿಕೋನ, ಕುಷ್ಟಗಿಯಲ್ಲೂ ಎರಡು ತ್ರಿಕೋನ. ಎರಡೂ ಕಡೆ ಒಂದೇ ವಿನ್ಯಾಸ ಕಂಡಾಗ ಯಾರನ್ನು ನೋಡಿ ಯಾರು ಕಲಿತರೆಂದು ನಾನು ಈಗ ಕೇಳುವುದಿಲ್ಲ. ಅಂಚಿನಿಂದ ಒಳಕ್ಕೆ ಚೌಕ ಚೌಕವಾಗಿ ಸುತ್ತುತ್ತಾ ಹೋಗುವ ನಮ್ಮ ಎಳೆಹೊಲಿಗೆಯನ್ನು ಮಾತ್ರ ಸಂಪುಟದಲ್ಲಿ ಬೇರೆಯಾಗಿಯೇ ಬರೆದಿದ್ದೇನೆ. ಕೌದಿಯ ಚೆಲುವೆಲ್ಲ ಅದರಲ್ಲಿದೆ.

ಊರೂರು ತಿರುಗಿ, ಜೋಳಕ್ಕೋ ಕಾಸಿಗೋ ಕೌದಿ ಹೊಲಿದುಕೊಡುವ ಅಕ್ಕಂದಿರು ತಮ್ಮ ಕೆಲಸ ನಿಲ್ಲಿಸಿ ನನಗೆ ಹೊಲಿಗೆ ಹಾಕಿ ತೋರಿಸಿದರು. ಕೂಲಿ ಕೊಟ್ಟೆ. ಕೊಟ್ಟದ್ದು ಸಾಲದು ಎಂದು ಗೊತ್ತಿದೆ. ಭಾಗ್ಯನಗರದ ನೇಕಾರ ಅಣ್ಣ ಬಟ್ಟೆಯ ನೂಲು ನೋಡಿ, ಕೈಮಗ್ಗದ್ದು ಯಾವುದು, ಗಿರಣಿಯದು ಯಾವುದು ಎಂದು ಗುರುತಿಸಿಕೊಟ್ಟರು. ಬೈಂಡಿಂಗ್ ಅಂಗಡಿಯವರಿಗೂ, ಪ್ರತಿಯನ್ನು ಪ್ರೀತಿಯಿಂದ ತೆಗೆದುಕೊಂಡ ಗ್ರಂಥಪಾಲಕರಿಗೂ ನಮಸ್ಕಾರಗಳು.

ಒಂದು ಕೋರಿಕೆ ಇದೆ. ಮಹಾನವಮಿಗೆ ಮುಂಚೆ ಕೌದಿಗಳನ್ನು ಒಗೆಯಲು ಕಾಲುವೆಗೆ ಒಯ್ಯುತ್ತೀರಲ್ಲ, ಹರಿದದ್ದನ್ನು ಆಗ ಎಸೆಯಬೇಡಿ. ಹೊಲಿದವರು ಯಾರು, ಒಳಗೆ ಯಾರ ಯಾರ ಬಟ್ಟೆ ಇದೆ ಎಂದು ಮನೆಯ ಹಿರಿಯರನ್ನು ಕೇಳಿ ಒಂದು ಚೀಟಿಯಲ್ಲಿ ಬರೆದಿಟ್ಟು, ಎರಡೂ ಬದಿಯ ಫೋಟೋ ತೆಗೆಯಿರಿ. ಗ್ರಂಥಾಲಯದಲ್ಲಿರುವ ಸಂಪುಟದ ಕೊನೆಗೆ ಖಾಲಿ ಹಾಳೆಗಳನ್ನು ಸೇರಿಸಿಯೇ ಹೊಲಿಸಿದ್ದೇನೆ. ನಿಮ್ಮ ಮನೆಯ ಕೌದಿಯನ್ನು ಅಲ್ಲಿ ಅಂಟಿಸಿ.