ಜೆರುಸಲೇಮಿನಿಂದ ಅಮ್ಮನಿಗೆ

ಪ್ರೀತಿಯ ಅಮ್ಮ,

ನಿನಗೂ ಅಪ್ಪಯ್ಯನಿಗೂ ನಮಸ್ಕಾರ. ನಾನು ಆರಾಮಾಗಿದ್ದೇನೆ. ಫೋನಿನಲ್ಲಿ ನೀನು ಹೆದರಿಕೊಂಡೇ ಕೇಳಿದೆ, "ಯೆಹೂದಿಗಳ ನಿಯಮ ಎಲ್ಲ ಪಾಲಿಸ್ತೀಯಂತೆ, ಅವರ ಮತಕ್ಕೆ ಸೇರ್ತೀಯಾ?" ಇಲ್ಲ ಅಮ್ಮ. ಸರಿಯಾಗಿ ಹೇಳಬೇಕು ಅಂತ ಈ ಪತ್ರ.

ಅಡುಗೆಮನೆಯ ವಿಷಯ ಬೇರೆ. ಹಾಲಿನ ಪಾತ್ರೆ ಬೇರೆ, ಮಾಂಸದ ಪಾತ್ರೆ ಬೇರೆ, ತೊಳೆಯುವ ಸಿಂಕೂ ಬೇರೆ. ನಾನು ನೋಡಿಕೊಳ್ಳುವ ಅಜ್ಜಿಯ ಮನೆ ಅದು, ಪಾಲಿಸಲೇಬೇಕು. ದಾನದ ಡಬ್ಬಿ ಮಾತ್ರ ನನ್ನ ಇಷ್ಟ. ಶುಕ್ರವಾರ ಸೂರ್ಯ ಮುಳುಗಲು 40 ನಿಮಿಷ ಇರುವಾಗ ಈ ಊರಲ್ಲಿ ಶಬ್ಬತ್, ಅಂದರೆ ಅವರ ವಾರದ ಪವಿತ್ರ ವಿಶ್ರಾಂತಿ ದಿನದ ದೀಪ ಹಚ್ಚುತ್ತಾರೆ. ಅದಕ್ಕೆ ಮೊದಲು ಅಜ್ಜಿ ಬಡವರಿಗೆಂದು ಡಬ್ಬಿಗೆ ನಾಣ್ಯ ಹಾಕುತ್ತಾರೆ. ನಾನೂ ಹಾಕುತ್ತೇನೆ. ಯಾರೂ ಹಾಕು ಅಂದಿಲ್ಲ.

ಬೇರೆಯವರು ಹಾಕಿದರೆ ನಡೆಯುತ್ತಾ ಅಂತ ಅಜ್ಜಿಯ ಮಗನನ್ನೇ ಕೇಳಿದೆ. ಅವರು ಕೂತು ವಿವರಿಸಿದರು. ಯೆಹೂದಿಗಳಿಗೆ ದೇವರ ಆಜ್ಞೆ 613. ಉಳಿದವರೆಲ್ಲ ಅವರ ಗ್ರಂಥದ ಪ್ರಳಯದ ಕಥೆಯಲ್ಲಿ ಬದುಕುಳಿದ ನೋಹನ ಮಕ್ಕಳು, ಅವರಿಗೆ ಏಳೇ. ಕೊಲೆ, ಕಳ್ಳತನ, ವ್ಯಭಿಚಾರ ಬೇಡ. ದೇವರನ್ನು ಬೈಯಬಾರದು. ಜೀವ ಇರುವ ಪ್ರಾಣಿಯಿಂದ ಕಿತ್ತ ಮಾಂಸ ತಿನ್ನಬಾರದು. ನ್ಯಾಯಾಲಯ ಇರಬೇಕು. ಮೂರ್ತಿಪೂಜೆ ಮಾಡಬಾರದು. ಇದರಾಚೆ ಯಾರಾದರೂ ಪುಣ್ಯಕ್ಕೆಂದು ಇನ್ನೊಂದು ಆಜ್ಞೆ ಪಾಲಿಸಿದರೆ ತಡೆಯಬೇಡಿ, ದಾನ ಕೊಟ್ಟರೆ ತೆಗೆದುಕೊಳ್ಳಿ ಅಂತ 12ನೇ ಶತಮಾನದ ಯೆಹೂದಿ ಪಂಡಿತ ಮೈಮೊನಿಡಿಸ್ ಬರೆದಿದ್ದಾರಂತೆ. ಆದರೆ ಶಬ್ಬತ್ತನ್ನು ಅವರ ಹಾಗೇ ಪೂರ್ತಿ ಆಚರಿಸುವುದು ನಮಗಲ್ಲ.

ಮೂರ್ತಿಪೂಜೆ ಮಾತು ಬಂದಾಗ ನಾನು ನೇರವಾಗಿ ಹೇಳಿಬಿಟ್ಟೆ, ಕೊಲ್ಲೂರಮ್ಮನನ್ನು ನಾನು ಬಿಡುವವಳಲ್ಲ. ಅವರು ವಾದ ಮಾಡಲಿಲ್ಲ. ಅವರ ಲೆಕ್ಕದಲ್ಲಿ ನಾನು ಆ ಏಳು ಆಜ್ಞೆ ಪಾಲಿಸುವ ನೋಹನ ದಾರಿಯವಳಾಗುವುದಿಲ್ಲ. ನಾಣ್ಯ ಹಾಕುವುದನ್ನು ಮಾತ್ರ ಬೇಡ ಅನ್ನಲಿಲ್ಲ.

ಅವರು ಹೇಳಿದ ಇನ್ನೊಬ್ಬರ ಕಥೆ ನನಗೆ ಜಾಸ್ತಿ ಹಿಡಿಸಿತು. ಫ್ರಾನ್ಸಿನ ಲಿಯೋನ್ ಊರಿನ ಎಮೆ ಪಾಲಿಯೆರ್, ಹುಟ್ಟಿದ್ದು 1868ರಲ್ಲಿ. ಕ್ಯಾಥೊಲಿಕ್ ಪಾದ್ರಿ ಆಗಬೇಕಿದ್ದ ಹುಡುಗ. ಯೋಮ್ ಕಿಪ್ಪುರ್ ಉಪವಾಸದ ದಿನ ಯೆಹೂದಿಗಳ ಪ್ರಾರ್ಥನಾ ಮಂದಿರ ಸಿನಗಾಗ್ ಒಳಗೆ ಹೋದರು, ಅಲ್ಲಿನ ಪ್ರಾರ್ಥನೆಗೆ ಮನಸೋತರು. ಮುಂದೆ ಯೆಹೂದಿ ಆಗಬೇಕು ಅಂತ ಇಟಲಿಯ ಲಿವೋರ್ನೋದ ರಬ್ಬಿ (ಯೆಹೂದಿ ಧರ್ಮಗುರು) ಎಲಿಯಾ ಬೆನಾಮೊಜೆಗ್ ಅವರಿಗೆ ಬರೆದರು. ಬೇರೆ ಯಾರಾದರೂ ಆಗಿದ್ದರೆ ಖುಷಿಯಿಂದ ಬಾ ಅನ್ನುತ್ತಿದ್ದರೇನೋ. ಈ ರಬ್ಬಿ, ಮತಾಂತರ ಬೇಕಿಲ್ಲ, ನೋಹನ ದಾರಿ ಹಿಡಿ ಅಂದರು. ಯೆಹೂದಿಗಳು ಮನುಕುಲದ ಪುರೋಹಿತರು, ಎಲ್ಲರೂ ಪುರೋಹಿತರಾಗಬೇಕಿಲ್ಲ ಅನ್ನುವುದು ಅವರ ವಿಚಾರ. ಪಾಲಿಯೆರ್ ವಿಧಿಪ್ರಕಾರ ಯೆಹೂದಿ ಆಗಲೇ ಇಲ್ಲ. ಆದರೂ ಬದುಕಿನ ಬಹುಪಾಲು ಅವರ ನಡುವೆಯೇ ಓದಿಕೊಂಡು, ಪಾಠ ಹೇಳಿಕೊಂಡು ಇದ್ದರು.

ತಮ್ಮ ಬಳಿ ಬಂದವನನ್ನು ದೂರವೂ ತಳ್ಳದೆ, ಎಳೆದೂ ಕೊಳ್ಳದೆ ಇದ್ದರಲ್ಲ, ಅದಕ್ಕೇ ನನಗೆ ಆ ರಬ್ಬಿ ಮೇಲೆ ಗೌರವ ಅಮ್ಮ.

ಅಪ್ಪಯ್ಯನಿಗೂ ಓದಿ ಹೇಳು. ನೆಂಟರು ಕೇಳಿದರೆ, ಮಗಳು ದಾನ ಮಾಡ್ತಾಳೆ, ದೇವರನ್ನು ಬಿಟ್ಟಿಲ್ಲ ಅನ್ನು. ಸೋಮವಾರ ಹಣ ಕಳಿಸುತ್ತೇನೆ, ಮಂಡಿನೋವಿನ ಔಷಧಿ ಮರೆಯಬೇಡ.

ನಿನ್ನ ಮಗಳು